ಸತ್ತವನ ಹೆಸರನ್ನು ಕದಿಯಬೇಡಿರಿ (ಎಂಟನೇ ಆಜ್ಞೆ – ಪಾಠ 3)

ಓದಬೇಕಾದ ವಾಕ್ಯಭಾಗಗಳು: 2 ಅರಸುಗಳು 23:15-18, ಅರಣ್ಯಕಾಂಡ 5:5-8, ಆಮೋಸ 2:1-3, ಹಬಕ್ಕೂಕ 2:9-12

ಕಳೆದ ಎರಡು ವಾರಗಳಿಂದ ನಾವು ಎಂಟನೇ ಆಜ್ಞೆಯನ್ನು ಧ್ಯಾನಿಸುತ್ತಾ ಬಂದಿದ್ದೇವೆ. ಮೊದಲನೇ ವಾರ ತೂಕದಲ್ಲಿ ಮಾಡುವ ಕಳ್ಳತನ, ಎರಡನೇ ವಾರ ಕೂಲಿಯವನ ದುಡ್ಡು ಹಿಡಿದಿಟ್ಟುಕೊಳ್ಳುವ ಕಳ್ಳತನ ನೋಡಿದೆವು. ಈ ವಾರ ನಾವು ಸಭೆಯಲ್ಲಿ ಹೆಚ್ಚಾಗಿ ಮಾತಾಡದ ಒಂದು ಕಳ್ಳತನದ ವಿಷಯ ಧ್ಯಾನಿಸೋಣ. ಅದು ಸಮಾಧಿಯ ಗುರುತನ್ನು ಕದಿಯುವುದು. ಅದರಲ್ಲೂ ಊರಿಗಾಗಿ, ದೇಶಕ್ಕಾಗಿ ಪ್ರಾಣ ಕೊಟ್ಟವರ ಗುರುತಿನ ಕಲ್ಲನ್ನು, ಹೆಸರಿನ ಫಲಕವನ್ನು ತೆಗೆದುಕೊಂಡು ಹೋಗುವುದು.

ಈ ಪಾಠ ಯಾಕೆ ಬಂತು ಅಂತ ಹೇಳ್ತೀನಿ. ಸೇನೆಯಲ್ಲಿ ದುಡಿದು ನಿವೃತ್ತರಾಗಿ ತೀರಿಕೊಂಡ ಒಬ್ಬ ವಿಶ್ವಾಸಿಯ ಸಮಾಧಿ ಮೇಲೆ ಹಿತ್ತಾಳೆ ಫಲಕ ಇತ್ತು. ಹೆಸರು, ರೆಜಿಮೆಂಟು, ಸೇವಾ ಸಂಖ್ಯೆ ಎಲ್ಲ ಅದರಲ್ಲಿತ್ತು. ಅದನ್ನು ಯಾರೋ ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಸ್ಕ್ರೂ ಹಾಕಿದ್ದ ನಾಲ್ಕು ತೂತು ಮಾತ್ರ ಇವೆ. ಈ ವಿಷಯ ಬೈಬಲ್ ಸ್ಟಡಿಯಲ್ಲಿ ಬಂದಾಗ ಒಬ್ಬ ಯೌವನಸ್ಥ ಸಹೋದರ ನನ್ನನ್ನು ನೇರವಾಗಿ ಕೇಳಿದ: "ಬ್ರದರ್, ಕಳ್ಳತನ ತಪ್ಪು, ಒಪ್ಪಿದೆ. ಆದ್ರೆ ಸತ್ತವರಿಗೆ ಏನು ನಷ್ಟ ಆಯ್ತು? ಅವರು ಕರ್ತನ ಹತ್ರ ಇದ್ದಾರಲ್ವಾ?"

ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಇದಕ್ಕೆ ವಾಕ್ಯದಿಂದಲೇ ಉತ್ತರ ಹುಡುಕೋಣ.

1. ಗುರುತಿನ ಕಲ್ಲು ಅಂದರೆ ಏನು?

ಸತ್ಯವೇದದಲ್ಲಿ ಸಮಾಧಿಯ ಮೇಲೆ ಗುರುತಿಟ್ಟ ಮೊದಲನೇ ಮನುಷ್ಯ ಯಾಕೋಬ. ರಾಹೇಲಳು ಬೇತ್ಲೆಹೇಮಿಗೆ ಹೋಗುವ ದಾರಿಯಲ್ಲಿ ಹೆರಿಗೆಯ ಕಷ್ಟದಿಂದ ಸತ್ತಳು. ಯಾಕೋಬನು ಅಲ್ಲಿ ನಿಲ್ಲುವಂತಿರಲಿಲ್ಲ, ಪ್ರಯಾಣ ಮುಂದುವರಿಸಬೇಕಿತ್ತು. ಹೋಗುವ ಮುಂಚೆ ಅವಳ ಸಮಾಧಿಯ ಮೇಲೆ ಒಂದು ಕಂಬ ನಿಲ್ಲಿಸಿದ (ಆದಿಕಾಂಡ 35:20). ಆ ಗ್ರಂಥ ಬರೆಯುವ ಕಾಲಕ್ಕೂ ಆ ಕಂಬ ಅಲ್ಲೇ ಇತ್ತು ಅಂತ ವಾಕ್ಯ ಹೇಳುತ್ತದೆ. ಗಮನಿಸಿರಿ, ಆ ಕಂಬ ರಾಹೇಲಳ ಆತ್ಮಕ್ಕಾಗಿ ಅಲ್ಲ, ಆ ದಾರಿಯಲ್ಲಿ ಮುಂದೆ ಬರುವವರಿಗಾಗಿ. ಯೊರ್ದನನ್ನು ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲು ನಿಲ್ಲಿಸಿದ್ದೂ ಹಾಗೆಯೇ, ಮುಂದೆ ಮಕ್ಕಳು ಇದೇನು ಅಂತ ಕೇಳಲಿ, ತಂದೆಯರು ಉತ್ತರ ಹೇಳಲಿ ಅಂತ (ಯೆಹೋಶುವ 4ನೇ ಅಧ್ಯಾಯ).

ನಮ್ಮ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಗೆಂಡೆಹಳ್ಳಿಯಿಂದ ಬೇಲೂರು, ಬೇಲೂರಿನಿಂದ 16 ಕಿಲೋಮೀಟರ್ ಹೋದರೆ ಹಳೇಬೀಡು. ಇದೆಲ್ಲ ಹೊಯ್ಸಳರ ಸೀಮೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ನಿಮಗೆಲ್ಲ ಗೊತ್ತು. ಅವಕ್ಕೆ ಬೇಲಿ ಇದೆ, ಕಾವಲು ಇದೆ. ಆದರೆ ಹಳ್ಳಿಗಳ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ಒಂಟಿಯಾಗಿ ನಿಂತಿರುವ ವೀರಗಲ್ಲುಗಳಿಗೆ ಕಾವಲು ಯಾರು?

ವೀರಗಲ್ಲು ಅಂದರೆ ಕಾದಾಡಿ ಸತ್ತವನ ನೆನಪಿನ ಕಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತದ ಕೆತ್ತನೆ ಇರುತ್ತದೆ. ಕೆಳಗೆ ಕಾಳಗ, ಮಧ್ಯದಲ್ಲಿ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ತನ್ನ ದೇವರ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ಅವನು ಯಾಕೆ ಸತ್ತ ಅನ್ನುವುದನ್ನೂ ಕೆಲವು ಕಲ್ಲುಗಳಲ್ಲಿ ಬರೆದಿರುತ್ತಾರೆ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆಯುವ ಕಾಳಗ. ಊರಳಿವು ಅಂದರೆ ಊರಿನ ಮೇಲೆ ದಾಳಿ ಆದಾಗ ನಡೆದ ಕಾಳಗ. ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರಿಗೂ ಕಲ್ಲು ಹಾಕಿದ್ದಾರೆ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ಕಲ್ನಾಡು, ನೆತ್ತರುಗೊಡಗೆ ಅಂತ ಹೆಸರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಸೈನಿಕನ ಹೆಂಡತಿ ಮಕ್ಕಳಿಗೆ ಕೊಡುವ ಪಿಂಚಣಿ ಇದ್ದ ಹಾಗೆ.

ಹೀಗೆ ಕಲ್ಲು ಹಾಕಿಸಿಕೊಂಡವರೆಲ್ಲ ರಾಜರಲ್ಲ. ಎಷ್ಟೋ ಜನ ಹಳ್ಳಿಯ ಸಾಧಾರಣ ಮನುಷ್ಯರು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು 949ನೇ ಇಸವಿಯದು. ಅದರಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ನೆನೆದಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ನಾಯಿಯ ಉಪಕಾರವನ್ನೂ ಕಲ್ಲಿನಲ್ಲಿ ಬರೆದಿಟ್ಟ ನಾಡು ನಮ್ಮದು.

2. ಕಳ್ಳ ತೆಗೆದುಕೊಂಡು ಹೋಗುವುದು ಏನನ್ನು?

ಹಿತ್ತಾಳೆ ಫಲಕ ತೂಕಕ್ಕೆ ಹಾಕಿದರೆ ಕಳ್ಳನಿಗೆ ಸಿಗುವುದು ಎಷ್ಟು? ಕೆಲವು ನೂರು ರೂಪಾಯಿ. ಎರಡು ದಿನದ ಖರ್ಚಿಗೂ ಬರುವುದಿಲ್ಲ. ಆದರೆ ಕಳೆದುಕೊಂಡವರಿಗೆ ಹೋಗುವುದು ಒಂದು ಹೆಸರು. ಒಂದು ಉದಾಹರಣೆ ನೋಡೋಣ.

ಬೆಂಗಳೂರು ಎಂಬ ಹೆಸರು ಎಷ್ಟು ಹಳೆಯದು ಅಂತ ನಮಗೆ ಗೊತ್ತಾದದ್ದು ಹೇಗೆ? ಬೇಗೂರಿನಲ್ಲಿರುವ ಒಂದು ವೀರಗಲ್ಲಿನಿಂದ. ಸುಮಾರು 890ನೇ ಇಸವಿಯ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದಲ್ಲಿ ಒಬ್ಬನು ಸತ್ತ ವಿಷಯ ಇದೆ. ಇನ್ನೊಂದು ಕಲ್ಲು ಹೆಬ್ಬಾಳದ್ದು. ಸುಮಾರು 750ನೇ ಇಸವಿಯದು, ಕಿತ್ತಯ್ಯ ಎಂಬವನು ಊರಿಗಾಗಿ ಕಾದಾಡಿ ಸತ್ತ ನೆನಪಿನ ಕಲ್ಲು. ಅದು 2018ರಲ್ಲಿ ಬೆಳಕಿಗೆ ಬಂತು. ಊರಿನ ಜನ ಅದನ್ನು ಉಳಿಸಿಕೊಂಡರು. ಯಾರಾದರೂ ಅದನ್ನು ಮೋರಿಗೆ ಹಾಸಿಬಿಟ್ಟಿದ್ದರೆ ಕಿತ್ತಯ್ಯನ ಹೆಸರು ಹೇಳುವವರು ಇವತ್ತು ಯಾರೂ ಇರುತ್ತಿರಲಿಲ್ಲ. 1,200 ವರ್ಷ ಮಳೆ ಬಿಸಿಲು ಅಳಿಸಲಾಗದ ಹೆಸರನ್ನು ಒಂದು ಜೆಸಿಬಿ ಅರ್ಧ ಗಂಟೆಯಲ್ಲಿ ಅಳಿಸಬಲ್ಲದು.

ಇಲ್ಲಿ ಒಬ್ಬ ಮನುಷ್ಯನನ್ನು ನೆನೆಯಬೇಕು. ಬಿ.ಎಲ್. ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅವರ ತಂದೆ ಲಂಡನ್ ಮಿಷನ್ನಿನ ಸುವಾರ್ತಾ ಸೇವಕರು. ಮಗ ಮೈಸೂರು ಸೀಮೆಯ ಊರೂರು ಸುತ್ತಿ, ಜನರಿಂದ ಸುಮಾರು 9 ಸಾವಿರ ಶಾಸನಗಳ ಪ್ರತಿ ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಮ್ಮ ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಆ ಪುಸ್ತಕಗಳಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಹುಡುಕಿದರೆ ಇದ್ದ ಜಾಗದಲ್ಲಿಲ್ಲ. ಕಲ್ಲು ಹೋದರೂ ಹೆಸರು ಉಳಿದಿದೆ ಅಂದರೆ ಅದಕ್ಕೆ ಆ ಮಿಷನರಿಯ ಮಗ ಪಟ್ಟ ಕಷ್ಟ ಕಾರಣ. ತನ್ನ ಜನರಲ್ಲ, ತನ್ನ ಮತದವರಲ್ಲ ಅಂತ ಅವರು ಬಿಟ್ಟುಬಿಡಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಸಂಗತಿ ಹೇಳ್ತೀನಿ. ಎಲೀಯನು ಬಾಳನ ಪ್ರವಾದಿಗಳ ಮುಂದೆ ನಿಂತ ಕರ್ಮೆಲ್ ಬೆಟ್ಟ ನಿಮಗೆ ಗೊತ್ತಲ್ವಾ? ಅದೇ ಬೆಟ್ಟದ ತಪ್ಪಲಲ್ಲಿ ಹೈಫಾ ಪಟ್ಟಣ ಇದೆ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ಕುದುರೆ ಏರಿ ಹೋಗಿ ಆ ಪಟ್ಟಣವನ್ನು ಹಿಡಿದರು. ಕನ್ನಡ ನಾಡಿನ ಸವಾರರು ಕರ್ಮೆಲಿನ ಇಳಿಜಾರಿನಲ್ಲಿ ತೋಪುಗಳ ಎದುರು ಹೋದರು. ಹೈಫಾದಲ್ಲಿ ಭಾರತದ ಸೈನಿಕರ ಸಮಾಧಿ ಭೂಮಿ ಇವತ್ತಿಗೂ ಇದೆ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ಆಯೋಗ 150ಕ್ಕೂ ಹೆಚ್ಚು ದೇಶ ಪ್ರದೇಶಗಳಲ್ಲಿ ಸುಮಾರು 17 ಲಕ್ಷ ಸೈನಿಕರ ನೆನಪನ್ನು ಕಾಯುತ್ತಿದೆ. ಅಲ್ಲಿ ಅಧಿಕಾರಿಗೂ ಸಿಪಾಯಿಗೂ ಗೌರವದಲ್ಲಿ ಭೇದ ಇರಬಾರದು ಅನ್ನುವುದು ನಿಯಮ. ಹೆಸರು ಗೊತ್ತಿಲ್ಲದ ಸೈನಿಕನ ಕಲ್ಲಿನ ಮೇಲೆ, ಇವನು ಯಾರೆಂದು ದೇವರಿಗೆ ತಿಳಿದಿದೆ ಎಂಬ ಅರ್ಥದ ಮಾತು ಕೆತ್ತಿರುತ್ತಾರೆ. ದೂರದೇಶದಲ್ಲಿ ನಮ್ಮವರ ಸಮಾಧಿಗೆ ಅಷ್ಟು ಮರ್ಯಾದೆ. ನಮ್ಮ ಊರಲ್ಲಿ ಇರುವುದಕ್ಕೆ ನಾವೇನು ಮಾಡುತ್ತಿದ್ದೇವೆ?

3. ಸತ್ತವನ ಪರವಾಗಿ ಕೇಳುವವನು ಯಾರು?

ಈಗ ಆ ಸಹೋದರನ ಪ್ರಶ್ನೆಗೆ ಬರೋಣ. ಅರಣ್ಯಕಾಂಡ 5ನೇ ಅಧ್ಯಾಯ ತೆಗೆಯಿರಿ. ಒಬ್ಬನು ಇನ್ನೊಬ್ಬನಿಗೆ ಅನ್ಯಾಯ ಮಾಡಿದರೆ ಅದನ್ನು ಒಪ್ಪಿಕೊಳ್ಳಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಇದು ನಮಗೆ ಗೊತ್ತಿರುವ ನಿಯಮ. ಆದರೆ ಎಂಟನೇ ವಚನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಷ್ಟವಾದವನೂ ಇಲ್ಲ, ಅವನ ಪರವಾಗಿ ತೆಗೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲ ಅಂದರೆ ಏನು ಮಾಡಬೇಕು? ಸಾಲ ತೀರಿತು ಅಂತ ಸುಮ್ಮನಾಗಬಹುದೇ? ಇಲ್ಲ. ಅದು ಯೆಹೋವನಿಗೆ ಸಲ್ಲಬೇಕು ಅಂತ ವಾಕ್ಯ ಹೇಳುತ್ತದೆ.

ಪ್ರಿಯರೇ, ಇದರ ಅರ್ಥ ಏನು? ಕೇಳುವವರಿಲ್ಲದವನ ಬಂಧುವಾಗಿ ದೇವರೇ ನಿಲ್ಲುತ್ತಾನೆ. ವಾರಸುದಾರ ಇಲ್ಲದ ಸಮಾಧಿಯಿಂದ ಕದ್ದವನು ಯಾರಿಂದಲೂ ಕದಿಯಲಿಲ್ಲ ಅಂದುಕೊಳ್ಳುತ್ತಾನೆ. ಆದರೆ ಅವನ ಲೆಕ್ಕ ನೇರವಾಗಿ ದೇವರ ಹತ್ತಿರ ಬಂದು ನಿಂತಿದೆ. ಸತ್ತವನಿಗೆ ನಷ್ಟವಿಲ್ಲ ಅನ್ನೋದು ಉತ್ತರವಲ್ಲ. ನಷ್ಟವನ್ನು ಕೇಳುವವನು ಬದಲಾಗಿದ್ದಾನೆ, ಅಷ್ಟೇ.

ಹಾಗಂತ ಗುಜರಿಯ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ತಂದು ಹಾಕಬೇಡಿರಿ! ಯೂದನು ಹಿಂದಕ್ಕೆ ಎಸೆದ ಬೆಳ್ಳಿಯನ್ನು ಆ ಯಾಜಕರೂ ಕಾಣಿಕೆಗೆ ಸೇರಿಸಲಿಲ್ಲ. ಪರದೇಶದವರನ್ನು ಹೂಣಿಡಲು ಹೊಲ ಕೊಂಡರು (ಮತ್ತಾಯ 27:6-7). ವಸ್ತು ಎಲ್ಲಿಂದ ಹೋಯಿತೋ ಅಲ್ಲಿಗೇ ಬರಬೇಕು.

4. "ಅದು ವಿಗ್ರಹ ಅಲ್ವಾ ಬ್ರದರ್?"

ನಮ್ಮ ಸಭೆಗಳಲ್ಲಿ ಈ ಮಾತು ಬರುತ್ತದೆ, ಮುಚ್ಚಿಡುವುದು ಬೇಡ. ಕೆಲವು ಊರುಗಳಲ್ಲಿ ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ನಾವು ಪೂಜೆ ಮಾಡುವುದಿಲ್ಲ. ಹಾಗಾದರೆ ಅದನ್ನು ಕಿತ್ತರೆ, ಒಡೆದರೆ, ಮನೆ ಪಾಯಕ್ಕೆ ಹಾಕಿದರೆ ತಪ್ಪೇನು?

ಇದಕ್ಕೆ ಯೋಷೀಯನ ಕಥೆ ಓದಬೇಕು. ವಿಗ್ರಹಗಳ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಾದ ಅರಸ ಯೆಹೂದದಲ್ಲಿ ಇರಲಿಲ್ಲ. ಬೇತೇಲಿನ ಬಲಿಪೀಠವನ್ನು ಕೆಡವಿದ. ಸುಮಾರು ಮುನ್ನೂರು ವರ್ಷಗಳ ಹಿಂದೆ ಆ ಪೀಠಕ್ಕೆ ವಿರೋಧವಾಗಿ ನುಡಿದಿದ್ದ ಪ್ರವಾದನೆಯ ಪ್ರಕಾರ ಅಲ್ಲಿನ ಸಮಾಧಿಗಳ ಎಲುಬುಗಳನ್ನು ತೆಗೆಸಿ ಅದರ ಮೇಲೆ ಸುಡಿಸಿದ. ಅದು ಆ ಒಂದು ಪೀಠದ ಮೇಲೆ ಮುಂಚೆಯೇ ಹೇಳಿದ್ದ ನ್ಯಾಯತೀರ್ಪು, ನಮಗೆ ಕೊಟ್ಟ ಪರವಾನಗಿ ಅಲ್ಲ. ಅಂಥ ಹೊತ್ತಿನಲ್ಲೂ ಅರಸನ ಕಣ್ಣಿಗೆ ಒಂದು ಗುರುತಿನ ಕಲ್ಲು ಬಿತ್ತು. ಅವನು ಕೈ ತಡೆದು, ಅದೇನು ಅಂತ ಕೇಳಿದ. ಅದು ದೇವರ ಮನುಷ್ಯನ ಸಮಾಧಿ ಅಂತ ಊರವರು ಹೇಳಿದರು. ಅದನ್ನು ಮುಟ್ಟಬೇಡಿ, ಅವನ ಎಲುಬನ್ನು ಯಾರೂ ಕದಲಿಸಬಾರದು ಅಂತ ಅಪ್ಪಣೆ ಕೊಟ್ಟ. ಪಕ್ಕದಲ್ಲೇ ಹೂಣಿಟ್ಟಿದ್ದ ಇನ್ನೊಬ್ಬನ ಎಲುಬುಗಳೂ ಹಾಗೇ ಉಳಿದವು. ದೇವರಿಗಾಗಿ ಉರಿಯುವ ಮನುಷ್ಯ ಕೂಡ ಕಲ್ಲಿಗೆ ಕೈ ಹಾಕುವ ಮುಂಚೆ ಇದು ಯಾರದು ಅಂತ ಕೇಳಬೇಕು. ಆ ಪ್ರಶ್ನೆ ಕೇಳದ ಉತ್ಸಾಹ ಆತ್ಮನದ್ದಲ್ಲ.

ಆದರೆ ಅವನು ದೇವರ ಮನುಷ್ಯ, ಅನ್ಯರ ಕಲ್ಲಿಗೆ ಅದು ಅನ್ವಯಿಸುತ್ತದೆಯೇ ಅಂತ ಕೇಳಬಹುದು. ಆಮೋಸ 2ನೇ ಅಧ್ಯಾಯ ನೋಡಿರಿ. ಮೋವಾಬಿನವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು. ಮೋವಾಬನೂ ಇಸ್ರಾಯೇಲ್ಯನಲ್ಲ, ಎದೋಮನೂ ಇಸ್ರಾಯೇಲ್ಯನಲ್ಲ. ಇಬ್ಬರೂ ನಿಜ ದೇವರನ್ನು ಆರಾಧಿಸಿದವರಲ್ಲ. ಆದರೂ ದೇವರು ಅದನ್ನು ಲೆಕ್ಕಕ್ಕೆ ಹಿಡಿದು ಮೋವಾಬಿನ ಮೇಲೆ ಬೆಂಕಿ ಕಳುಹಿಸುತ್ತೇನೆ ಅಂದನು. ಸತ್ತ ಅನ್ಯನಿಗೆ ಮಾಡಿದ ಅವಮಾನವನ್ನೂ ನಮ್ಮ ದೇವರು ನೋಡುತ್ತಾನೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲಿ ಒಂದು ಗರುಡಗಂಬ ಇದೆ. ಎರಡನೇ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿಗೆ ನಿಲ್ಲಿಸಿದ ಕಂಬ. ಅರಸ ಸತ್ತಾಗ ಅವನು ತನ್ನವರ ಸಮೇತ ಪ್ರಾಣ ಬಿಟ್ಟ. ಪ್ರಾಣ ಕೊಟ್ಟ ದೇವರೇ ಅದನ್ನು ತೆಗೆದುಕೊಳ್ಳಬೇಕು ಅಂತ ನಾವು ನಂಬುತ್ತೇವೆ, ಆದ್ದರಿಂದ ಅವನು ಮಾಡಿದ್ದನ್ನು ಒಪ್ಪುವುದಿಲ್ಲ. ಹಾಗಂತ ಅವನ ಹೆಸರನ್ನು ಅಳಿಸುವ ಅಧಿಕಾರ ನಮಗೆ ಬರುವುದಿಲ್ಲ. ಅಡ್ಡಬೀಳುವುದೂ ಬೇಡ, ಕೀಳುವುದೂ ಬೇಡ. ಎರಡರ ಮಧ್ಯೆ ಒಂದು ದಾರಿ ಇದೆ, ಅದು ಗೌರವ.

5. ಮೂರು ಕೈಗಳು

ಇಂಥ ಕಳ್ಳತನಕ್ಕೆ ಮೂರು ಕೈ ಬೇಕು. ಕೀಳುವ ಕೈ, ಕೊಳ್ಳುವ ಕೈ, ನೋಡಿಯೂ ಸುಮ್ಮನೆ ಕಟ್ಟಿಕೊಂಡಿರುವ ಕೈ.

ಕೀಳುವವನಿಗೆ ಎಫೆಸ 4:28 ಇದೆ. ಕದಿಯುವುದನ್ನು ಬಿಟ್ಟು, ಕೈಯಾರೆ ದುಡಿದು, ಇಲ್ಲದವನಿಗೆ ಕೊಡುವವನಾಗಬೇಕು. ವೀರಗಲ್ಲಿನ ಕೆಳಗೆ ನಿಧಿ ಇದೆ ಅಂತ ರಾತ್ರಿ ಅಗೆಯುವವರಿಗೂ ಇದೇ ಮಾತು. ಆ ಕಲ್ಲು ಹಾಕಿದ್ದು ಸತ್ತವನ ನೆನಪಿಗೆ, ಚಿನ್ನ ಹೂತ ಗುರುತಿಗಲ್ಲ.

ಕೊಳ್ಳುವವನ ಮೇಲಿನ ಭಾರವೂ ಕಡಿಮೆ ಇಲ್ಲ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಸೈನಿಕರ ಸಮಾಧಿ ಮತ್ತು ಯುದ್ಧ ಸ್ಮಾರಕಗಳ ಕಂಚಿನ ಫಲಕಗಳನ್ನು ಗುಜರಿಗೆ ಹಾಕುವುದು ದೊಡ್ಡ ಪಿಡುಗಾಗಿತ್ತು. ಅಮೆರಿಕ 1997ರಲ್ಲಿ ಸೈನಿಕರ ರಾಷ್ಟ್ರೀಯ ಸಮಾಧಿ ಭೂಮಿಗಳಲ್ಲಿ ಕದಿಯುವವರಿಗೆ ಶಿಕ್ಷೆ ಹೆಚ್ಚಿಸಿತು. ಇಂಗ್ಲೆಂಡು 2013ರ ಕಾನೂನಿನಲ್ಲಿ ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಷೇಧಿಸಿತು. ಯಾಕೆ? ಕೊಳ್ಳುವವನು ಇಲ್ಲದಿದ್ದರೆ ಕೀಳುವವನೂ ಇರುವುದಿಲ್ಲ. ನಮ್ಮ ದೇಶದಲ್ಲೂ ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಕದ್ದ ಮಾಲೆಂದು ತಿಳಿದು ಕೊಂಡವನಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಸತ್ತವರ ಕಡೆಯವರ ಮನಸ್ಸು ನೋಯುತ್ತದೆ ಎಂದು ತಿಳಿದೂ ಸಮಾಧಿ ಸ್ಥಳದಲ್ಲಿ ಅತಿಕ್ರಮ ಮಾಡಿದರೆ 301ನೇ ಕಲಮು. ನೂರು ವರ್ಷಕ್ಕಿಂತ ಹಳೆಯ ಕೆತ್ತನೆಯ ಕಲ್ಲಾದರೆ 1972ರ ಪುರಾತನ ವಸ್ತುಗಳ ಕಾನೂನೂ ಬರುತ್ತದೆ.

ಕಲ್ಲನ್ನು ಮನೆ ಪಾಯಕ್ಕೆ, ಒಗೆಯುವ ಕಲ್ಲಿಗೆ, ಮೋರಿ ಚಪ್ಪಡಿಗೆ ಹಾಕಿದವರು ಹಬಕ್ಕೂಕ 2:9-12 ಓದಲಿ. ಅನ್ಯಾಯದ ಲಾಭದಿಂದ ಕಟ್ಟಿದ ಮನೆಯ ಗೋಡೆಯಿಂದ ಕಲ್ಲೇ ಕೂಗುತ್ತದೆ ಅಂತ ಪ್ರವಾದಿ ಎಚ್ಚರಿಸುತ್ತಾನೆ. ಅಕ್ಷರ ಇರುವ ಕಲ್ಲಿನ ಮೇಲೆ ದಿನಾ ಬಟ್ಟೆ ಒಗೆದರೆ, ಒಬ್ಬ ಮನುಷ್ಯನ ಹೆಸರನ್ನು ದಿನಾ ಒಂದಿಷ್ಟು ಉಜ್ಜಿ ಅಳಿಸಿದ ಹಾಗೆ.

ಮೂರನೆಯದು ಸುಮ್ಮನಿರುವ ಕೈ. ಸೌಲನ ಮತ್ತು ಅವನ ಮಕ್ಕಳ ಹೆಣಗಳನ್ನು ಫಿಲಿಷ್ಟಿಯರು ಬೇತ್‌ಷೆಯಾನಿನ ಗೋಡೆಗೆ ತೂಗುಹಾಕಿದಾಗ ಯಾಬೇಷ್ ಗಿಲ್ಯಾದಿನವರು ನಮಗೇಕೆ ಅನ್ನಲಿಲ್ಲ. ರಾತ್ರಿಯೆಲ್ಲಾ ನಡೆದು ಹೋಗಿ ಇಳಿಸಿ ತಂದು ಗೌರವದಿಂದ ಹೂಣಿಟ್ಟರು (1 ಸಮುವೇಲ 31:11-13). ಸೌಲನು ಹಿಂದೆ ಅವರ ಊರನ್ನು ಕಾಪಾಡಿದ್ದ, ಅವರು ಅದನ್ನು ಮರೆತಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ಕಾಣೆಯಾದ ಕೂಡಲೇ ಯಾರದ್ದೋ ಹೆಸರು ಹಿಡಿಯಬೇಡಿರಿ. 2012ರಲ್ಲಿ ಅಮೆರಿಕದ ಹಡ್ಸನ್ ಪಟ್ಟಣದಲ್ಲಿ ಹಳೆಯ ಸೈನಿಕರ ಸಮಾಧಿಗಳ ಮೇಲಿನ ಬಾವುಟಗಳು ಮಾಯವಾದವು. ಜನ ಸಿಟ್ಟಾದರು. ಪೊಲೀಸರು ಕ್ಯಾಮೆರಾ ಇಟ್ಟು ನೋಡಿದರೆ ಕದಿಯುತ್ತಿದ್ದದ್ದು ಬಿಲದಲ್ಲಿ ವಾಸಿಸುವ ಒಂದು ಜಾತಿಯ ಹೆಗ್ಗಣದಂಥ ಪ್ರಾಣಿ! ಹಳ್ಳಿಯಲ್ಲಿ ಸಂಶಯ ಯಾವಾಗಲೂ ಬಡವರ ಮೇಲೆ, ಅಲೆಮಾರಿಗಳ ಮೇಲೆ, ಬೇರೆ ಮತದವರ ಮೇಲೆ ಬೀಳುತ್ತದೆ. ಎಂಟನೇ ಆಜ್ಞೆ ಕಾಯಲು ಹೋಗಿ ಒಂಬತ್ತನೇದನ್ನು ಮುರಿಯಬಾರದು.

6. ನಾವು ಮಾಡಬೇಕಾದದ್ದು

ಒಂದು, ನಮ್ಮ ಸಮಾಧಿ ಭೂಮಿಯ ಪ್ರತಿ ಸಮಾಧಿಯ ಫೋಟೋ ತೆಗೆದು, ಹೆಸರು, ತಾರೀಕು, ಸೇವೆ ಮಾಡಿದ್ದರೆ ರೆಜಿಮೆಂಟು, ಎಲ್ಲ ಸಭೆಯ ರಿಜಿಸ್ಟರಿನಲ್ಲಿ ಬರೆಯೋಣ. ಕಲ್ಲು ಹೋದರೂ ಹೆಸರು ಹೋಗಬಾರದು.

ಎರಡು, ಹೊಸದಾಗಿ ಹಾಕಿಸುವವರು ಹಿತ್ತಾಳೆ ಫಲಕದ ಬದಲು ಕಲ್ಲಿನ ಮೇಲೇ ಅಕ್ಷರ ಕೆತ್ತಿಸಿರಿ. ಬಿಚ್ಚಲು ಬರುವುದಿಲ್ಲ, ಗುಜರಿಗೂ ಬೇಡ.

ಮೂರು, ತೋಟದಲ್ಲಿ ಗುಂಡಿ ತೆಗೆಯುವಾಗ, ರಸ್ತೆ ಕೆಲಸದಲ್ಲಿ ಕೆತ್ತನೆಯ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸಿ. ಇದ್ದಲ್ಲೇ ಫೋಟೋ ತೆಗೆದು ಗ್ರಾಮ ಪಂಚಾಯಿತಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಕಳ್ಳತನ ಕಣ್ಣಿಗೆ ಬಿದ್ದರೆ 112ಕ್ಕೆ ಫೋನ್ ಮಾಡಿ.

ನಾಲ್ಕು, ಗುಜರಿ ವ್ಯಾಪಾರದಲ್ಲಿರುವ ಸಹೋದರರೇ, ಹೆಸರು ಕೆತ್ತಿದ ಫಲಕ, ಶಿಲುಬೆ, ಪದಕ ಬಂದರೆ ತೂಕಕ್ಕೆ ಇಡಬೇಡಿರಿ. ಆ ದಿನದ ಲಾಭ ಹೋದರೂ ಚಿಂತೆಯಿಲ್ಲ.

ಐದು, ಈಗಾಗಲೇ ಯಾರ ಮನೆಯಲ್ಲಾದರೂ ಅಂಥದ್ದು ಇದ್ದರೆ ಹಿಂದಕ್ಕೆ ಕೊಡಿರಿ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನ ಬಾಯಿಂದ ಬಂದ ಮಾತು ಹಿಂದಕ್ಕೆ ಕೊಡುವ ಮಾತೇ (ಲೂಕ 19:8). ನಾಚಿಕೆಯಾದರೆ ನನ್ನ ಹತ್ತಿರ ಬನ್ನಿ, ಜೊತೆಯಲ್ಲಿ ಹೋಗೋಣ.

ಪ್ರಿಯರೇ, ನಮ್ಮ ನಿರೀಕ್ಷೆ ಕಲ್ಲಿನ ಮೇಲಿಲ್ಲ. ನಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿರುವುದೇ ನಮ್ಮ ಸಂತೋಷ (ಲೂಕ 10:20). ಆ ಪುಸ್ತಕಕ್ಕೆ ಕಳ್ಳರ ಕೈ ಎಟುಕುವುದಿಲ್ಲ, ಸ್ತೋತ್ರ! ಹೆಸರುಗಳನ್ನು ಅಷ್ಟು ಜೋಪಾನವಾಗಿ ಬರೆದಿಡುವ ದೇವರ ಮಕ್ಕಳು ಭೂಮಿಯ ಮೇಲೆ ಇನ್ನೊಬ್ಬನ ಹೆಸರನ್ನು ಹಗುರವಾಗಿ ಕಾಣಬಾರದು.

ಪ್ರಾರ್ಥನೆ: ಪರಲೋಕದ ತಂದೆಯೇ, ಕೇಳುವವರಿಲ್ಲದವರ ಪರವಾಗಿ ನಿಲ್ಲುವ ದೇವರು ನೀನೇ. ನಮಗಿಂತ ಮುಂಚೆ ಈ ಊರುಗಳನ್ನು ಕಾಯ್ದವರ ಗುರುತುಗಳನ್ನು ಕಾಯುವ ಮನಸ್ಸು ಕೊಡು. ತೆಗೆದುಕೊಂಡವರಿಗೆ ಹಿಂದಕ್ಕೆ ಕೊಡುವ ಧೈರ್ಯ ಕೊಡು. ಕಳೆದುಕೊಂಡ ಕುಟುಂಬವನ್ನು ಆದರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಮನೆಯಲ್ಲಿ ಧ್ಯಾನಿಸಲು ಪ್ರಶ್ನೆಗಳು:
1. ಯೋಷೀಯನು ಕಲ್ಲನ್ನು ಮುಟ್ಟುವ ಮುಂಚೆ ಪ್ರಶ್ನೆ ಕೇಳಿದ್ದು ನಮಗೆ ಏನು ಕಲಿಸುತ್ತದೆ?
2. ಅರಣ್ಯಕಾಂಡ 5:8ರ ಪ್ರಕಾರ ಬಂಧುವಿಲ್ಲದವನ ನಷ್ಟ ಯಾರಿಗೆ ಸಲ್ಲಬೇಕು? ಯಾಕೆ?
3. ನಿಮ್ಮ ಊರಿನಲ್ಲಿ ವೀರಗಲ್ಲು ಅಥವಾ ಸೈನಿಕರ ಸಮಾಧಿ ಎಲ್ಲಿದೆ? ಅದರ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಮಕ್ಕಳಿಗೆ ಹೇಳಿರಿ.